ಮಗುವಿನ ಎಡಗಾಲು

ಅಡಿಲೇಡಿನ ಮ್ಯೂಸಿಯಂ ಒಂದರಲ್ಲಿ ಹಳೆಯ ಕಾಗದಗಳನ್ನು ಕಾಪಾಡುವುದು ನನ್ನ ಗೆಳೆಯನ ಮಗಳು ಶೀಲಾಳ ಕೆಲಸ. ಇಂದು ನಾನು ಅಲ್ಲಿಗೆ ಹೋದಾಗ ಅವಳ ಮೇಜಿನ ಮೇಲೆ ಕಂದುಬಣ್ಣಕ್ಕೆ ತಿರುಗಿದ ಫೋಟೋ ಒಂದಿತ್ತು. ಇಟಲಿಯಲ್ಲಿ ರಿನೈಸಾನ್ಸ್ ಕಾಲದ ಕಲಾವಿದನೊಬ್ಬ ಇದ್ದಿಲಿನಲ್ಲಿ ಬಿಡಿಸಿದ ತಾಯಿ-ಮಗುವಿನ ಚಿತ್ರವನ್ನು, ಕ್ಯಾಮೆರಾ ಹೊಸದಾಗಿ ಬಂದಿದ್ದ ದಿನಗಳಲ್ಲಿ ಯಾರೋ ಸೆರೆಹಿಡಿದದ್ದು. ಬರೆದುಕೊಳ್ಳಲು ಪೆನ್ ತೆಗೆದೆ.

“ಅಂಕಲ್, ಇಲ್ಲಿ ಪೆನ್ ಬೇಡ. ಪೆನ್ಸಿಲ್ ತಗೊಳ್ಳಿ.”

“ಬರೀ ಕಾಪಿಗೆ ಇಷ್ಟೊಂದು ಮಡಿಯಾ?” ಎಂದೆ.

ಶೀಲಾ ಮಗುವಿನ ಎಡಗಾಲು ತೋರಿಸಿದಳು. “ಫೋಟೋ ತೆಗೆದಮೇಲೆ ಒರಿಜಿನಲ್ ನೀರಲ್ಲಿ ನೆಂದು ಈ ಮೂಲೆ ಹೋಗ್ಬಿಡ್ತು. ಈ ಕಾಲು ಈಗ ಇರೋದು ಈ ಫೋಟೋದಲ್ಲಿ ಮಾತ್ರ.”

ಪೆನ್ನನ್ನು ಜೇಬಿಗಿಟ್ಟು ಬಗ್ಗಿದೆ. ಆಗಷ್ಟೇ ಹುಟ್ಟಿದ ಕೂಸನ್ನು ನೋಡುವವನಂತೆ, ಉಸಿರು ಬಿಗಿಹಿಡಿದು, ಕಾಲ್ಬೆರಳು ಎಣಿಸಿದೆ. ಐದೂ ಇದ್ದವು.