ಶರ್ಮಿನಲ್ಲಿ ಎರಡು ಆಸನದ ದೋಣಿ

ರಿಫೈನರಿಯಲ್ಲಿ ನನ್ನ ಜೊತೆ ಪಂಪುಗಳ ರಿಪೇರಿ ಮಾಡುತ್ತಿದ್ದ ಫಿಲಿಪ್ಪೀನಿನ ಗೆಳೆಯನೊಬ್ಬ ಕೆಲಸ ಬಿಟ್ಟು ಊರಿಗೆ ಹೊರಟಾಗ ಒಯ್ಯಲಾಗದ ಸಾಮಾನನ್ನೆಲ್ಲ ಹಂಚಿದ. ಅನ್ನದ ಕುಕ್ಕರ್ ಒಬ್ಬನಿಗೆ ಹೋಯಿತು, ಗಿಟಾರ್ ಇನ್ನೊಬ್ಬನಿಗೆ. ನನಗೆ ಬಂದದ್ದು ದೋಣಿ. ಹಳದಿ ಪ್ಲಾಸ್ಟಿಕ್ಕಿನ, ಹಿಂದೊಂದು ಮುಂದೊಂದು ಆಸನವಿರುವ ಕಯಾಕ್. ನೀನು ಹೊಳೆಬದಿಯವನಲ್ಲವಾ, ನಿನಗೇ ಸರಿ ಎಂದು ಹೇಳಿ ಅದನ್ನು ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಇಟ್ಟು ಹೋದ.

ನಾನು ಹೊಳೆಬದಿಯವನೆಂಬುದು ನಿಜ. ನೇತ್ರಾವತಿಯ ದಡದಲ್ಲಿ ನನ್ನ ತಂದೆಗೆ ಕಡವಿನ ಕೆಲಸ. ಆಚೆ ದಡದವರನ್ನು ಈಚೆಗೆ, ಈಚೆಯವರನ್ನು ಆಚೆಗೆ ದಾಟಿಸುತ್ತಿದ್ದರು. ಸೇತುವೆ ಬಂದ ಮೇಲೆ ಅದು ನಿಂತಿತು. ಆಮೇಲೆ ನಾನು ಐಟಿಐ ಕಲಿತು ಇಲ್ಲಿಗೆ, ಅರಬರ ನಾಡಿನ ಯಾನ್ಬುವಿಗೆ ಬಂದೆ. ಹುಟ್ಟು ಹಿಡಿಯದೆ ಇಪ್ಪತ್ತೈದು ವರ್ಷವಾಗಿತ್ತು.

ಆ ದೋಣಿ ಬಂದ ವರ್ಷವೇ ನನ್ನ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಊರಿಗೆ ಹೋದದ್ದು. ದೊಡ್ಡವಳ ಹತ್ತನೇ ತರಗತಿ ಮುಗಿದಿತ್ತು, ಮುಂದಿನ ಓದು ಮಂಗಳೂರಿನಲ್ಲೇ ಆಗಲಿ ಎಂದು ನಾವಿಬ್ಬರೂ ಸೇರಿ ತೀರ್ಮಾನಿಸಿದ್ದೆವು. ಮೂರು ಕೋಣೆಯ ಮನೆಯಲ್ಲಿ ನಾನೊಬ್ಬ ಉಳಿದೆ. ಚಿಕ್ಕವಳು ಕೋಣೆಯ ಗೋಡೆಗೆ ಅಂಟಿಸಿದ್ದ ಕಾಗದದ ನಕ್ಷತ್ರಗಳನ್ನು ಕೀಳಲು ಮನಸ್ಸಾಗಲಿಲ್ಲ. ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಶುಕ್ರವಾರ ಜುಮಾ, ನಿದ್ದೆ, ಊರಿಗೆ ಫೋನು. ಶನಿವಾರಕ್ಕೆ ಮಾತ್ರ ಏನೂ ಇರಲಿಲ್ಲ. ಒಂದು ಶನಿವಾರ ಕಾರಿನ ಮೇಲೆ ದೋಣಿ ಕಟ್ಟಿಕೊಂಡು ಶರ್ಮಿಗೆ ಹೋದೆ.

ಸಮುದ್ರ ನೆಲದೊಳಗೆ ಉದ್ದಕ್ಕೆ ಚಾಚಿಕೊಂಡ ಕವಲಿಗೆ ಇಲ್ಲಿ ಶರ್ಮ್ ಎನ್ನುತ್ತಾರೆ. ನೋಡಲು ಹೊಳೆಯ ಹಾಗೇ ಇದೆ. ಎರಡು ಕಡೆ ದಡ, ನಡುವೆ ಹಸಿರು ನೀರು, ಅಲ್ಲಲ್ಲಿ ಉಪ್ಪುನೀರಲ್ಲೇ ಬೇರು ಬಿಟ್ಟ ಕಾಂಡ್ಲಾ ಗಿಡಗಳ ಗುಂಪು. ಆದರೆ ದಡದಲ್ಲಿ ತೆಂಗಿಲ್ಲ, ಮನೆಯಿಲ್ಲ; ಒಣಗಿದ ಕೆಂಪು ದಿಬ್ಬ, ಅದರ ಹಿಂದೆ ಮತ್ತೆ ಅಂಥದೇ ದಿಬ್ಬ. ನೀರು ಗುಡ್ಡದಿಂದ ಇಳಿದು ಬರುವುದಿಲ್ಲ. ಉಬ್ಬರದಲ್ಲಿ ಒಳಗೆ ಬಂದು ಇಳಿತದಲ್ಲಿ ಹೊರಗೆ ಹೋಗುತ್ತದೆ. ಇಳಿತ ಶುರುವಾಗುವ ಹೊತ್ತಿಗೆ ದೋಣಿ ನೀರಿಗಿಟ್ಟರೆ ಹುಟ್ಟು ಹಾಕುವುದೇ ಬೇಡ, ಅದಾಗಿ ತೇಲುತ್ತದೆ. ಗಾಳಕ್ಕೆ ಬೊಂಡಾಸ್ ಮೀನಿನ ಚೂರು ಸಿಕ್ಕಿಸಿ ಕಾಂಡ್ಲಾದ ಬೇರಿನ ಹತ್ತಿರ ಎಸೆಯುತ್ತ ಕೂತರೆ ಶಊರ್ ಮೀನು ಕಚ್ಚುತ್ತದೆ. ದೊಡ್ಡ ತಲೆಯ, ಹಟಮಾರಿ ಮೀನು. ಎಳೆದ ಹಾಗೆಲ್ಲ ದೋಣಿಯ ಮೂತಿಯನ್ನೇ ತನ್ನ ಕಡೆ ತಿರುಗಿಸಿಬಿಡುತ್ತದೆ.

ದಡದಲ್ಲಿ ಕರಾವಳಿ ಕಾವಲಿನ ಚೌಕಿಯಿದೆ. ಅಲ್ಲಿ ವಾಸದ ಪರವಾನಗಿಯಾದ ಇಕಾಮಾ ತೋರಿಸಿ, ಪುಸ್ತಕದಲ್ಲಿ ಹೆಸರು ಬರೆಸಿಯೇ ನೀರಿಗಿಳಿಯಬೇಕು. ಐದಾರು ತಿಂಗಳು ಒಬ್ಬನೇ ಹೋಗಿ ಬಂದೆ. ಹಿಡಿದ ಮೀನನ್ನು ಒಬ್ಬನೇ ತಿಂದೆ. ನೀರಿನ ಮೇಲೆ ಎರಡು ಮೂರು ತಾಸು ಮಾತಿಲ್ಲದೆ ಇದ್ದು ಚೌಕಿಗೆ ಮರಳಿದಾಗ, ಕಾವಲಿನವನ ಸಲಾಮಿಗೆ ಉತ್ತರ ಕೊಡಲು ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ಮತ್ತೆ ಚೌಕಿಗೆ ಹೊಸಬನೊಬ್ಬ ಬಂದ. ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ ಕೇಳಿದ, "ವಾಹಿದ್?"

ಒಬ್ಬನೇ ಎಂದೆ.

"ಮಾಫಿ ವಾಹಿದ್. ಲಾಜಿಮ್ ಇತ್ನೇನ್." ಒಬ್ಬನೇ ಆಗದು, ಇಬ್ಬರು ಬೇಕೇ ಬೇಕು. ಗಾಳಿಗೆ ಸಿಕ್ಕರೆ ಒಬ್ಬನಿಂದೇನಾಗುತ್ತದೆ ಎಂದು ಅವನ ವಾದ. ತಪ್ಪೆನ್ನುವಂತಿರಲಿಲ್ಲ. ದೋಣಿ ಕಟ್ಟಿಕೊಂಡು ವಾಪಸು ಬಂದೆ.

ಎರಡನೆಯವನನ್ನು ಎಲ್ಲಿಂದ ತರಲಿ? ಜೊತೆ ಕೆಲಸದವರಲ್ಲಿ ಕೇಳಿದೆ. ಒಬ್ಬನಿಗೆ ಬೆನ್ನುನೋವು, ಒಬ್ಬನಿಗೆ ಓವರ್‌ಟೈಮು. ಒಂದು ಮಧ್ಯಾಹ್ನ ಮೆಟ್ಟಿಲ ಕೆಳಗೆ ದೋಣಿಯ ಧೂಳು ಒರೆಸುತ್ತಿದ್ದಾಗ ಕೆಳಮನೆಯ ಭಟ್ಕಳದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅರುವತ್ತು ದಾಟಿದವರು. ಹಳೆಯ ಪೇಟೆಯಲ್ಲಿ ಮೂವತ್ತನಾಲ್ಕು ವರ್ಷ ಬಟ್ಟೆ ಅಂಗಡಿ ನಡೆಸಿ, ಅದನ್ನು ಬೇರೆಯವರಿಗೆ ಕೊಟ್ಟು, ಊರಿಗೆ ಶಾಶ್ವತವಾಗಿ ಮರಳುವ ಎಕ್ಸಿಟ್ ಕಾಗದಕ್ಕಾಗಿ ಕಾಯುತ್ತಿದ್ದರು. ಆರು ವರ್ಷ ಒಂದೇ ಕಟ್ಟಡದಲ್ಲಿದ್ದರೂ ನಮ್ಮ ನಡುವೆ ಸಲಾಮಿಗಿಂತ ಹೆಚ್ಚು ಮಾತು ನಡೆದಿರಲಿಲ್ಲ.

"ಇದು ಮಗುಚೂದಿಲ್ವಾ?" ಎಂದು ಕೇಳಿದರು.

"ಇಲ್ಲ ಭಾಯಿ. ಅಲ್ಲಾಡದೆ ಕೂತ್ರೆ ಸಾಕು."

"ಅಲ್ಲಾಡದೆ ಕೂರೂದು ನನಗೆ ಬರ್ತದೆ. ಅಂಗಡಿಯಲ್ಲಿ ಅದೇ ಮಾಡಿದ್ದು."

ಹಾಗೆ ಅವರು ನನ್ನ ದೋಣಿಯ ಮುಂದಿನ ಆಸನಕ್ಕೆ ಬಂದರು. ಲೈಫ್ ಜಾಕೆಟಿನ ಮೇಲೆ ಬಿಳಿ ಟೊಪ್ಪಿ, ಮಡಚಿ ಕಟ್ಟಿದ ಪೈಜಾಮ. ಚೌಕಿಯವನ ಜೊತೆ ಅರಬಿಯಲ್ಲಿ ಅವನ ಊರು, ಅಜ್ಜ, ಅವನ ಅಜ್ಜ ತಮ್ಮ ಅಂಗಡಿಯಲ್ಲಿ ಬಟ್ಟೆ ಕೊಂಡದ್ದು ಎಲ್ಲವನ್ನೂ ಮಾತಾಡಿ ಮುಗಿಸಿದರು. ನೀರಿಗಿಳಿದ ಮೇಲೆ ಮಾತು ನಿಂತಿತು. ಎರಡು ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತರು. ಸುಮಾರು ಹೊತ್ತಿನ ಮೇಲೆ, ಮುಖ ತಿರುಗಿಸದೆ, "ಅಂಗಡಿಯಿಂದ ಬಂದರಿಗೆ ಐದು ನಿಮಿಷದ ದಾರಿ. ಒಂದು ದಿನ ನೀರಿಗೆ ಕಾಲು ಹಾಕಿದವನಲ್ಲ ನಾನು" ಎಂದರು.

ಗಾಳ ಬೇಡವೆಂದೇ ಎರಡು ಶನಿವಾರ ಕೂತರು. ಮೂರನೇ ಶನಿವಾರ ನಾನೇ ಅವರ ಕೈಗೆ ದಾರ ಕೊಟ್ಟೆ. ಕಾಂಡ್ಲಾದ ತಿರುವಿನಲ್ಲಿ ಮೀನು ಕಚ್ಚಿತು. ಅವರು ಹೆದರಿ ದಾರ ಬಿಟ್ಟಾರೆಂದು ನಾನು ಕೈ ಚಾಚಿದೆ. ಬಿಡಲಿಲ್ಲ. ಬಟ್ಟೆ ಅಳೆಯುವವರ ಹಾಗೆ ಮೊಳ ಮೊಳವಾಗಿ ಒಳಗೆ ಎಳೆದುಕೊಂಡರು. ಮೀನು ದೋಣಿಯೊಳಗೆ ಬಿದ್ದು ಪಟಪಟ ಬಡಿದಾಗ ಅವರಿಗೆ ನಗು ಬಂತು. ಭುಜ ಕುಲುಕುವುದು ಮಾತ್ರ ನನಗೆ ಹಿಂದಿನಿಂದ ಕಂಡಿತು. ಅಂದು ಅವರ ಮನೆಯಲ್ಲೇ ಊಟ. ಎಷ್ಟೋ ತಿಂಗಳ ಮೇಲೆ ಇನ್ನೊಬ್ಬರು ಬಡಿಸಿದ ಅನ್ನ ತಿಂದೆ.

ಗಾಳಿಗೆ ಸಿಕ್ಕಿದ್ದು ನಾವಿಬ್ಬರೂ ಐದನೆಯ ಸಲ ಹೋದಾಗ. ತಪ್ಪು ನನ್ನದೇ. ಹತ್ತು ಗಂಟೆಯೊಳಗೆ ತಿರುಗಬೇಕಿತ್ತು, ಮೀನು ಕಚ್ಚುತ್ತಿದೆಯೆಂದು ಇನ್ನೂ ಸ್ವಲ್ಪ ಇರುವ ಎಂದೆ. ಬಡಗಣ ಗಾಳಿ ಎದ್ದದ್ದೇ ತಡ ನೀರಿನ ಬಣ್ಣ ಬದಲಾಯಿತು. ದೋಣಿಯ ಮೂತಿಯನ್ನು ಚೌಕಿಯ ಕಡೆ ತಿರುಗಿಸಿ ಅರ್ಧ ತಾಸು ಹುಟ್ಟು ಹಾಕಿದೆವು. ದಡದ ಮೇಲೆ ಗುರುತಿಗೆ ಇಟ್ಟುಕೊಂಡ ಬಂಡೆ ಮಾತ್ರ ಇದ್ದಲ್ಲೇ ಇತ್ತು. ಅವರ ಕೈಯ ಹುಟ್ಟು ಜಾರಿ ನೀರಿಗೆ ಬಿತ್ತು, ತೇಲಿ ಹೋಯಿತು. ಆಮೇಲೆ ಗಾಳಿಗೆ ಎದುರು ಹೋಗುವ ಮಾತೇ ಇರಲಿಲ್ಲ. ಅದು ನೂಕಿದ ಕಡೆಗೆ ಹೋಗಲು ಬಿಟ್ಟು, ಆಚೆ ದಡದ ಕಾಂಡ್ಲಾದೊಳಗೆ ದೋಣಿ ನುಗ್ಗಿಸಿ, ಒಂದು ಮರಳು ದಿಣ್ಣೆಯ ಮೇಲೆ ಹತ್ತಿ ಕೂತೆವು.

ಪ್ಲಾಸ್ಟಿಕ್ ಚೀಲದಲ್ಲಿ ಫೋನಿತ್ತು, ಸಿಗ್ನಲ್ ಇರಲಿಲ್ಲ. ಒಂದು ಬಾಟಲಿ ನೀರು, ನಾಲ್ಕು ಖರ್ಜೂರ.

"ನಮ್ಮನ್ನು ಹುಡುಕುವವರು ಯಾರಿದ್ದಾರೆ?" ಎಂದರು. ದೂರಿದ್ದಲ್ಲ. ಲೆಕ್ಕ ಹಾಕಿ ಕೇಳಿದ ಹಾಗಿತ್ತು.

ನಾನು ಯೋಚಿಸಿದೆ. ಹೆಂಡತಿಯ ಫೋನು ರಾತ್ರಿ. ಕೆಲಸದವರಿಗೆ ನನ್ನ ನೆನಪಾಗುವುದು ಭಾನುವಾರ ಬೆಳಿಗ್ಗೆ. "ಚೌಕಿಯವನ ಪುಸ್ತಕದಲ್ಲಿ ಹೆಸರುಂಟಲ್ಲ" ಎಂದೆ.

"ಅದೊಂದು ಉಂಟು."

ಮಧ್ಯಾಹ್ನದ ಜುಹರಿನ ಹೊತ್ತಾಯಿತು. ಮರಳಿನ ಮೇಲೆ ನಮಾಜು ಮಾಡಿದೆವು. ಮುಗಿದ ಮೇಲೂ ಅವರು ಏಳಲಿಲ್ಲ, ನನ್ನ ಕಡೆ ತಿರುಗಿ ಕೂತರು. ಅಷ್ಟು ದಿನ ದೋಣಿಯಲ್ಲಿ ಬೆನ್ನಿಗೇ ಮಾತಾಡಿ ಅಭ್ಯಾಸವಾಗಿದ್ದ ನನಗೆ ಅವರ ಮುಖ ಹೊಸದಾಗಿ ಕಂಡಿತು. ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿದ್ದೇ ಇಲ್ಲ.

"ಕಾಗದ ಬಂದು ಹತ್ತು ದಿನ ಆಯ್ತು. ನಿಮಗೆ ಹೇಳಲಿಲ್ಲ, ಮನೆಯವಳಿಗೂ ಹೇಳಲಿಲ್ಲ" ಎಂದರು.

"ಯಾಕೆ ಭಾಯಿ?"

"ಹೆದರಿಕೆ." ಮರಳನ್ನು ಅಂಗೈಯಿಂದ ಸಮ ಮಾಡಿದರು. "ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಹೋದವ ನಾನು. ಹೋದಾಗ ಎಲ್ಲ ನನಗಾಗಿಯೇ. ಒಳ್ಳೆ ಅಡಿಗೆ, ನೆಂಟರು, ಎಲ್ಲ. ಹೋದ ಸಲ ನಾಲ್ಕನೇ ವಾರ ಮನೆಯವಳು ಕೇಳಿದ್ಲು, ರಿಟರ್ನ್ ಯಾವತ್ತಿಗೆ ಅಂತ. ಕೆಟ್ಟ ಮನಸ್ಸಿಂದ ಅಲ್ಲ, ಮಾರಾಯ್ರೆ. ನಾನು ಚಾವಡಿಯಲ್ಲಿ ಕೂತ್ರೆ ಸೊಸೆಯಂದಿರಿಗೆ ಹೊರಗೆ ಬರ್ಲಿಕ್ಕೆ ಸಂಕೋಚ. ಹಾಗೆ ಕೇಳಿದ್ದು. ಈಗ ರಿಟರ್ನೇ ಇಲ್ಲ. ಎಂತ ಹೇಳೂದು?"

ಎಲ್ಲ ಸರಿಯಾಗ್ತದೆ ಎಂದೆ. ಆ ಮಾತು ನನ್ನ ಕಿವಿಗೇ ಟೊಳ್ಳಾಗಿ ಕೇಳಿತು. ನನ್ನ ಚಿಕ್ಕವಳು ಈಚೆಗೆ ಫೋನಿನಲ್ಲಿ ಎರಡು ಮಾತಾಡಿ "ಉಮ್ಮನಿಗೆ ಕೊಡ್ತೇನೆ" ಎನ್ನತೊಡಗಿದ್ದು ನೆನಪಾಯಿತು. ಅವರಿಗೆ ಅದನ್ನು ಹೇಳಿಬಿಟ್ಟೆ. ಅವರು ಉಳಿದ ಒಂದು ಖರ್ಜೂರವನ್ನು ಎರಡು ಮಾಡಿ ಅರ್ಧ ನನ್ನ ಕೈಯಲ್ಲಿಟ್ಟರು.

ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಕಾವಲಿನ ದೋಣಿ ಬಂತು. ಹೊಸಬನೇ ಬಂದಿದ್ದ. ಪುಸ್ತಕ ನೋಡಿದಾಗ ಇಬ್ಬರು ಮರಳಿಲ್ಲವೆಂದು ಗೊತ್ತಾಯಿತಂತೆ. ನಮ್ಮ ಕಯಾಕಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದ. ದಾರಿಯುದ್ದಕ್ಕೂ ಬೈದ, ಚೌಕಿ ಮುಟ್ಟಿದ ಮೇಲೆ ಚಹಾ ಕೊಟ್ಟ. ಇನ್ನು ಹತ್ತು ಗಂಟೆಯ ಮೇಲೆ ನೀರಿನಲ್ಲಿ ಇರುವುದಿಲ್ಲವೆಂದು ನಮ್ಮಿಬ್ಬರಿಂದಲೂ ಬರೆಸಿಕೊಂಡ. ಭಟ್ಕಳದವರು ಸಹಿ ಹಾಕುತ್ತ ನನ್ನ ಕಡೆ ನೋಡಿ ನಕ್ಕರು. ತಾವು ಇನ್ನು ನೀರಿಗೇ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಮರುವಾರವೇ ಹೊರಟರು. ಏರ್‌ಪೋರ್ಟಿಗೆ ನಾನೇ ಬಿಟ್ಟೆ. ಎರಡು ದೊಡ್ಡ ಪೆಟ್ಟಿಗೆ, ಒಂದು ಜಮ್‌ಜಮ್ ನೀರಿನ ಕ್ಯಾನು. ಮೂವತ್ತನಾಲ್ಕು ವರ್ಷದ ಊರನ್ನು ಕಿಟಕಿಯಿಂದ ನೋಡುತ್ತಾರೆಂದು ಕಾರು ನಿಧಾನ ಓಡಿಸಿದೆ. ಅವರು ಪಾಸ್‌ಪೋರ್ಟು ಇದೆಯೋ ಎಂದು ಕಿಸೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆಮೇಲೆ ಒಬ್ಬ ಪಾಕಿಸ್ತಾನಿ ಡ್ರೈವರನನ್ನು ಒಂದು ಶನಿವಾರ ಕರೆದುಕೊಂಡು ಹೋದೆ. ಒಳ್ಳೆಯವನೇ. ಸಿಗ್ನಲ್ ಇರುವವರೆಗೂ ಫೋನಿನಲ್ಲಿ ಮಾತಾಡಿದ, ಸಿಗ್ನಲ್ ಹೋದ ಮೇಲೆ ವಾಪಸು ತಿರುಗುವ ಎಂದ. ಮತ್ತೆ ಯಾರನ್ನೂ ಕೇಳಲಿಲ್ಲ. ದೋಣಿಯನ್ನು ಶರ್ಮಿನ ಬದಿಯಲ್ಲಿ ಬಲೆ ಒಣಗಿಸುವ ಇಬ್ಬರು ಬಂಗಾಳಿ ಮೀನುಗಾರರಿಗೆ ಕೊಟ್ಟುಬಿಟ್ಟೆ. ಅವರು ಇಬ್ಬರಿದ್ದಾರೆ, ಅವರಿಗೆ ತೊಂದರೆಯಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ ಹೆಂಡತಿಯನ್ನು ಕೇಳಿದೆ, ನಾನು ಬಂದುಬಿಡಲಾ ಎಂದು. ಅವಳು ಮಕ್ಕಳ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು.

"ಬನ್ನಿ. ಯಾರು ಬೇಡ ಹೇಳಿದ್ದು?" ಎಂದಳು. ಒಂದು ತೋಳು ಇಸ್ತ್ರಿ ಮಾಡಿ ಮುಗಿಸಿ, "ಬಂದು ಎಂತ ಮಾಡ್ತೀರಿ ಅಂತ ಯೋಚನೆ ಮಾಡಿದ್ದೀರಾ?" ಎಂದಳು. ಪ್ರೀತಿಯಿಂದಲೇ ಕೇಳಿದ್ದು. ನಾನು ಯೋಚಿಸಿರಲಿಲ್ಲ. ತಿಂಗಳು ಮುಗಿದ ಮೇಲೆ ಯಾನ್ಬುವಿಗೆ ಮರಳಿದೆ.

ದಡದಲ್ಲಿ ನಿಂತು ಗಾಳ ಹಾಕಲು ಇಬ್ಬರು ಬೇಕಿಲ್ಲ. ಶನಿವಾರ ಬೆಳಿಗ್ಗೆ ಈಗ ಹಾಗೆ ಮಾಡುತ್ತೇನೆ. ಮೀನು ಕಡಿಮೆ, ಒಳ್ಳೆಯವೆಲ್ಲ ಕಾಂಡ್ಲಾದ ತಿರುವಿನ ಆಚೆಗಿವೆ, ಅಲ್ಲಿಗೆ ದಾರ ಮುಟ್ಟುವುದಿಲ್ಲ. ಕೆಲವೊಮ್ಮೆ ಒಂಬತ್ತರ ಸುಮಾರಿಗೆ ಭಟ್ಕಳದಿಂದ ಫೋನು ಬರುತ್ತದೆ. ಊರಲ್ಲಿ ಆಗ ಹನ್ನೊಂದೂವರೆ. ಮನೆಯ ಸುದ್ದಿ ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

"ಸಿಕ್ಕಿತಾ?" ಎನ್ನುತ್ತಾರೆ.

"ಒಂದು ಸಣ್ಣದು."

"ಗಾಳಿ ಹೇಗುಂಟು?"

"ಇನ್ನೂ ಎದ್ದಿಲ್ಲ."

ಮಾತು ಮುಗಿದರೂ ಇಬ್ಬರೂ ಫೋನು ಇಡುವುದಿಲ್ಲ. ಅವರ ಕಡೆಯಿಂದ ಮಿಕ್ಸರಿನ ಸದ್ದು, ಯಾರೋ ಯಾರನ್ನೋ ಕರೆಯುವುದು ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಸರಿ ಎಂದು ಅವರು ಇಡುತ್ತಾರೆ. ನಾನು ಗಾಳಕ್ಕೆ ಹೊಸ ಚೂರು ಸಿಕ್ಕಿಸುತ್ತೇನೆ.