ಸೆವೆರೊ ಲುಪಾ ಕೊಂಡ ದಾರಿಯಂತ್ರ

ಜಿಪಿಎಸ್ ಕೊಳ್ಳಲು ಬರುವವರನ್ನು ನಾನು ಬಾಗಿಲಲ್ಲೇ ಗುರುತಿಸುತ್ತೇನೆ. ಮೋಟಾರ್‌ಸೈಕಲ್ ಮೇಲೆ ದೇಶ ಸುತ್ತುವ ಬಿಳಿಯರು ಮೊದಲು ಪರದೆಯ ಬಣ್ಣ ನೋಡುತ್ತಾರೆ, ಆಮೇಲೆ ಒಳಗೆ ಎಷ್ಟು ದೇಶಗಳ ನಕ್ಷೆ ಇದೆಯೆಂದು ಕೇಳುತ್ತಾರೆ. ಗಣಿಯವರು ಅದನ್ನು ನೆಲಕ್ಕೆ ಕೆಡವಿ ನೋಡಬಹುದೇ ಎನ್ನುತ್ತಾರೆ. ಕಿನುವಾ ಧಾನ್ಯದ ವ್ಯಾಪಾರಿಗಳು ಎಲ್ಲಕ್ಕಿಂತ ಅಗ್ಗದ್ದನ್ನು ಎತ್ತಿಕೊಂಡು ಇನ್ನೂ ಇಳಿಸು ಎಂದು ಹಟ ಹಿಡಿಯುತ್ತಾರೆ. ನಮ್ಮ ಉಯುನಿಯ ಉಪ್ಪಿನ ಬಯಲಲ್ಲಿ ಪ್ರವಾಸಿಗರನ್ನು ಸುತ್ತಿಸುವ ಜೀಪು ಚಾಲಕರು ಮಾತ್ರ ಕೊಳ್ಳುವುದಿಲ್ಲ. ನನ್ನ ಅಂಗಡಿಯಲ್ಲಿ ಅವರು ಕೋಕಾ ಎಲೆ ಜಗಿಯುತ್ತ ನಿಂತು ಬೇರೆಯವರು ಕೊಳ್ಳುವುದನ್ನು ನೋಡಿ ನಗುತ್ತಾರೆ. ಅವರಿಗೆ ದಾರಿ ತೋರಿಸಲು ಬೆಟ್ಟಗಳಿವೆ. ಉತ್ತರಕ್ಕೆ ತುನುಪಾ ಬೆಟ್ಟ ನಿಂತಿರುವವರೆಗೆ ಯಂತ್ರ ನೋಡಿ ಗಾಡಿ ಓಡಿಸುವವನು ಅವರ ಲೆಕ್ಕದಲ್ಲಿ ಚಾಲಕನೇ ಅಲ್ಲ.

ಹಾಗಾಗಿ ಸೆವೆರೊ ಲುಪಾ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ ಒಳಗೆ ಬಂದು, ಬಾಗಿಲು ಸ್ವಲ್ಪ ಹಾಕಿಕೊಳ್ಳಲೇ ಎಂದು ಕೇಳಿದಾಗ ನನಗೆ ಕುತೂಹಲವಾಯಿತು.

ಸೆವೆರೊ ಅಂದರೆ ಚಾಲಕರ ಸಂಘದ ಮುಂಗಾಡಿಯವನು. ಮಳೆಗಾಲದಲ್ಲಿ ಬಯಲಿನ ಮೇಲೆ ಅಂಗೈ ಆಳದ ನೀರು ನಿಲ್ಲುತ್ತದೆ. ಆಗ ನೆಲ ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ, ಚಕ್ರದ ಗುರುತೂ ಉಳಿಯುವುದಿಲ್ಲ. ಆ ತಿಂಗಳುಗಳಲ್ಲಿ ಜೀಪುಗಳು ಸಾಲಾಗಿ ಹೋಗಬೇಕು, ಎಲ್ಲಕ್ಕೂ ಮುಂದೆ ಒಬ್ಬನೇ ಇರಬೇಕು. ಹಿಂದಿನವರು ಅವನ ನೀರಿನ ಗೆರೆ ಬಿಟ್ಟು ಆಚೀಚೆ ಸರಿಯುವಂತಿಲ್ಲ, ಅವನಿಗೆ ಹಾರ್ನ್ ಹೊಡೆಯುವಂತಿಲ್ಲ. ಮುಂಗಾಡಿಗೆ ಹಾರ್ನ್ ಹೊಡೆಯುವುದು ಮದುಮಗನಿಗೆ ಮಂಟಪದಲ್ಲಿ ಬೈದ ಹಾಗೆ. ಹದಿನಾರು ಮಳೆಗಾಲ ಸೆವೆರೊ ಮುಂದಿದ್ದ. ಊರಿನ ಯಾವ ಮದುವೆಯಲ್ಲೂ ಬಿಯರಿನ ಮೊದಲ ಬಾಟಲಿ ಅವನ ಕೈಗೆ ಬರುತ್ತಿತ್ತು. ಸಂಘದ ಸಭೆಯಲ್ಲಿ ಅವನು ಕೆಮ್ಮಿದರೆ ಉಳಿದವರು ಮಾತು ನಿಲ್ಲಿಸುತ್ತಿದ್ದರು. ಅವನು ಸುಮ್ಮಸುಮ್ಮನೆ ಬೇಕಾದಷ್ಟು ಸಲ ಕೆಮ್ಮುತ್ತಿದ್ದ.

"ಏನ್ ಕೊಡ್ಲಿ ಮಾಯೆಸ್ತ್ರೊ?" ಎಂದೆ. ಚಾಲಕರನ್ನು ನಾವು ಕರೆಯುವುದೇ ಹಾಗೆ. ಅಂಗಡಿಯವಳಾದ ನನ್ನನ್ನು ಅವರು ಕಾಸೆರಾ ಎನ್ನುತ್ತಾರೆ.

"ಆ ದಾರಿ ಹೇಳೋ ಯಂತ್ರ ಇದ್ಯಲ್ಲ ಕಾಸೆರಾ... ನನಗಲ್ಲ. ಸುಕ್ರೆಲಿ ನನ್ನ ತಂಗಿ ಗಂಡ ಇದಾನೆ, ಅವನಿಗೆ."

ತಂಗಿಯ ಗಂಡಂದಿರಿಗಾಗಿ ನನ್ನ ಅಂಗಡಿಯಲ್ಲಿ ಎಷ್ಟೋ ಸಾಮಾನು ಮಾರಾಟವಾಗಿದೆ. ನಾನು ಮೂರು ಪೆಟ್ಟಿಗೆ ತೆಗೆದು ಕೌಂಟರಿನ ಗಾಜಿನ ಮೇಲಿಟ್ಟೆ. ದೊಡ್ಡ ಪರದೆಯದು ಕಾರಿನ ಗಾಜಿಗೆ ಅಂಟಿಸುವಂಥದ್ದು. ಇನ್ನೊಂದು ಅದರ ತಮ್ಮ, ಸ್ವಲ್ಪ ಚಿಕ್ಕದು. ಮೂರನೆಯದು ಬೆಟ್ಟ ಹತ್ತುವವರು ಕೈಯಲ್ಲಿ ಹಿಡಿಯುವ ಗುಂಡಿಗಳ ಯಂತ್ರ. ನೀರಿಗೆ ಬಿದ್ದರೂ ಕೆಡದು, ಒಳಗೆ ಸಾದಾ ಬ್ಯಾಟರಿ ಸೆಲ್ಲು.

ಅವನು ಯಾವುದನ್ನೂ ನೋಡಲಿಲ್ಲ. ಮೂರನ್ನೂ ಕೈಯಿಂದ ತಡವಿದ. "ಇದರಲ್ಲಿ ಮಾತಾಡೋದು ಯಾವುದು?" ಎಂದ.

ದೊಡ್ಡದನ್ನು ಒತ್ತಿದೆ. ಒಳಗಿಂದ ಒಬ್ಬ ಹೆಣ್ಣುಮಗಳು ಮಾದ್ರಿದ್‌ನ ಗತ್ತಿನಲ್ಲಿ ಮಾತಾಡಿದಳು. ಸೆವೆರೊನ ಮುಖ ಅರಳಿತು.

"ಇದೇ ಇರಲಿ."

"ಊರೊಳಗೆ ಇವಳು ಬಾಯಿ ಮುಚ್ಚಲ್ಲ ಮಾಯೆಸ್ತ್ರೊ, ರಸ್ತೆ ಇಲ್ಲದ ಕಡೆ ಮಾತ್ರ ದಾರಿ ಗೊತ್ತಿಲ್ಲ. ಬಯಲಿಗೆ ಇಳಿದ್ರೆ ರಸ್ತೆಗೆ ವಾಪಸ್ ಹೋಗಿ, ರಸ್ತೆಗೆ ವಾಪಸ್ ಹೋಗಿ ಅಂತ ಅಳ್ತಾ ಇರ್ತಾಳೆ. ಅಲ್ಲಿ ರಸ್ತೆ ಎಲ್ಲಿದೆ? ಅದೂ ಅಲ್ದೆ ಉಪ್ಪಿನ ಬೆಳಕಿಗೆ ಈ ಬಣ್ಣದ ಪರದೆ ಕಪ್ಪಗಾಗತ್ತೆ. ನಿಮ್ಮ ಭಾವಮೈದಂಗೆ ಸುಕ್ರೆಲಾದ್ರೆ ಇದು ಸರಿ. ಬಯಲಿಗಾದ್ರೆ ಈ ಕೈಯಂತ್ರ ತಗೊಳಿ. ಬಿಸಿಲು ಜಾಸ್ತಿಯಾದಷ್ಟೂ ಪರದೆ ಚೆನ್ನಾಗಿ ಕಾಣತ್ತೆ."

"ಅವನೂ... ಒಂದೊಂದ್ಸಲ ಬಯಲಿಗೆ ಬರ್ತಾನೆ."

ನಾನು ಕೈಯಂತ್ರವನ್ನು ಅವನ ಮುಖಕ್ಕೆ ಹಿಡಿದೆ. "ಅಕ್ಷರ ಕಾಣ್ತಿದೆಯಾ?"

"ಕಾಣದೆ ಏನು! ಒಳ್ಳೆ ದೊಡ್ಡ ಅಕ್ಷರ. ಸ್ಪಷ್ಟವಾಗಿದೆ."

ನಾನು ಅದನ್ನಿನ್ನೂ ಚಾಲೂ ಮಾಡಿರಲಿಲ್ಲ.

ಉಪ್ಪಿನ ಹೊಳಪಿಗೆ ಚಾಲಕರ ಕಣ್ಣಿನ ಮೇಲೆ ಪೊರೆಯಂಥ ಮಾಂಸ ಬೆಳೆಯುವುದು ನಮ್ಮಲ್ಲಿ ಹೊಸದಲ್ಲ. ಅವನದು ಎರಡೂ ಕಣ್ಣಲ್ಲಿ ಕರಿಗುಡ್ಡೆಯ ಮೇಲೇ ಬಂದಿತ್ತು. ಎದುರಿಗೆ ನಿಂತವರು ಯಾರೆಂದು ತಿಳಿಯುವಷ್ಟು, ಒಣ ಉಪ್ಪಿನ ಮೇಲೆ ಕಪ್ಪು ಚಕ್ರದ ಗುರುತು ಹಿಡಿಯುವಷ್ಟು ಕಾಣುತ್ತಿತ್ತು. ದೂರದ್ದು ಏನೂ ಇಲ್ಲ. ತುನುಪಾ ಬೆಟ್ಟ ಅವನ ಪಾಲಿಗೆ ಕರಗಿಹೋಗಿತ್ತು. ಅವನ ಹೆಂಡತಿ ಇಲಾರಿಯಾ ಇದನ್ನು ನನಗೆ ಆಮೇಲೆ ಹೇಳಿದಳು. ಪೊತೊಸಿಯಲ್ಲಿ ಒಬ್ಬ ಡಾಕ್ಟರು ಈ ಪೊರೆಯನ್ನು ಸುಲಿದು ತೆಗೆಯುತ್ತಾನೆ, ಹೋಗಿ ಬಾ ಎಂದು ಅವಳು ಎರಡು ವರ್ಷದಿಂದ ಗೋಗರೆಯುತ್ತಿದ್ದಳಂತೆ. "ಕಣ್ಣಿಗೆ ಪಟ್ಟಿ ಕಟ್ಕೊಂಡು ಬಂದವನಿಗೆ ಮುಂಗಾಡಿ ಯಾರು ಕೊಡ್ತಾರೆ? ಆ ಎರಡನೇ ಗಾಡಿ ಗ್ರೋವರ್ ಮಾರನೇ ದಿನಾನೇ ಹತ್ತಿ ಕೂತ್ಕೋತಾನೆ" ಎನ್ನುತ್ತಿದ್ದನಂತೆ ಇವನು. ಕಣ್ಣು ಹೋದರೂ ಚಿಂತೆಯಿಲ್ಲ, ಮುಂಗಾಡಿ ಹೋಗಬಾರದು.

"ನೋಡದೇನೇ ದಾರಿ ತಿಳಿಯೋ ಹಾಗೆ ಏನಾದ್ರೂ ಇದೆಯಾ ಇದರಲ್ಲಿ? ಭಾವಮೈದ ಸ್ವಲ್ಪ ಸೋಮಾರಿ" ಎಂದ.

ಇತ್ತು. ಒಂದು ಸಲ ಗಾಡಿ ಓಡಿಸಿದ ದಾರಿಯನ್ನು ಯಂತ್ರದಲ್ಲಿ ಉಳಿಸಿಕೊಳ್ಳಬಹುದು. ಮುಂದೆ ಅದೇ ದಾರಿಯಲ್ಲಿ ಹೋಗುವಾಗ ಪಕ್ಕಕ್ಕೆ ಸರಿದರೆ ಯಂತ್ರ ಕೀಂ ಕೀಂ ಎಂದು ಕೂಗುತ್ತದೆ, ದಾರಿಯಲ್ಲಿದ್ದರೆ ಸುಮ್ಮನಿರುತ್ತದೆ. ಯಾವ ಗುಂಡಿ ಎಷ್ಟು ಸಲ ಒತ್ತಬೇಕೆಂದು ಅವನ ಹೆಬ್ಬೆರಳು ಹಿಡಿದು ಕಲಿಸಿದೆ. ಚಳಿಗೆ ಸಾದಾ ಸೆಲ್ಲು ಸಾಯುತ್ತದೆ, ಲಿಥಿಯಂ ಸೆಲ್ಲೇ ಹಾಕಬೇಕೆಂದು ಹೇಳಿ ಅದನ್ನೂ ಮಾರಿದೆ. ಅವನು ಹೊರಡುವಾಗ ನನ್ನ ಬಾಗಿಲಿಗೂ ಗೋಡೆಗೂ ನಡುವೆ ಒಂದು ಕ್ಷಣ ಯೋಚಿಸಿ, ಬಾಗಿಲನ್ನೇ ಆರಿಸಿಕೊಂಡ.

ನೀನು ಆಗಲೇ ಯಾರಿಗಾದರೂ ಹೇಳಬೇಕಿತ್ತು ಎಂದು ಇಲ್ಲಿ ಕೆಲವರು ನನಗೆ ಹೇಳುತ್ತಾರೆ. ಗಿರಾಕಿ ಏನು ಕೊಂಡನೆಂದು ಬೀದಿಗೆ ಹೇಳುವ ಅಂಗಡಿಗೆ ಎರಡನೇ ಗಿರಾಕಿ ಬರುವುದಿಲ್ಲ.

ಅದೇ ತಿಂಗಳು ಅವನು ಪ್ರವಾಸಿಗರನ್ನು ತುಂಬಿಕೊಂಡು ಹೋಗುವಾಗ ದಾರಿಯನ್ನು ಯಂತ್ರದಲ್ಲಿ ತುಂಬಿಕೊಂಡ. ಕೊಲ್ಚಾನಿ ಹಳ್ಳಿಯ ದಡದಿಂದ ಬಯಲಿಗಿಳಿದು ನಡುವೆ ಎದ್ದ ಕಲ್ಲುಗುಡ್ಡದವರೆಗೆ; ನಾವು ದ್ವೀಪ ಎನ್ನುವುದು ಅದನ್ನೇ. ಒಣಗಾಲದಲ್ಲಿ ಇನ್ನೂ ಹತ್ತಾರು ಸಲ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಿಸಿ ನೋಡಿದ. ಯಂತ್ರ ಅವನು ಹೇಳಿದ ಹಾಗೆ ಕೇಳುತ್ತಿತ್ತು, ಅವನು ಅದು ಹೇಳಿದ ಹಾಗೆ. ಗಂಡಹೆಂಡಿರಲ್ಲೂ ಅಷ್ಟು ಹೊಂದಾಣಿಕೆ ಇರುವುದಿಲ್ಲ.

ಆದರೆ ಕೀಂ ಕೀಂ ಸದ್ದು ಜೇಬಿನಲ್ಲಿ ಎಷ್ಟು ದಿನ ಅಡಗೀತು? ದ್ವೀಪದಲ್ಲಿ ಜೀಪುಗಳು ಪಕ್ಕಪಕ್ಕ ನಿಂತಾಗ ಗ್ರೋವರ್ ಕೊಲ್ಕೆ ಕಿವಿ ನಿಮಿರಿಸಿದ. ಈ ಗ್ರೋವರ್ ಸಾಲಿನಲ್ಲಿ ಎರಡನೆಯವನು, ಒಂಬತ್ತು ಮಳೆಗಾಲದಿಂದ ಎರಡನೆಯವನು.

"ಮಾಯೆಸ್ತ್ರೊ, ಗಾಡೀಲಿ ಕೋಳಿಮರಿ ಸಾಕಿದೀರಾ?"

"ಸೀಟ್ ಬೆಲ್ಟ್ ಕಣೋ ಅದು. ಹಾಕ್ಕೊಳ್ದಿದ್ರೆ ಕೂಗತ್ತೆ."

"ಓಹೋ! ನಿಮ್ಮ ಜೀಪಿಗೆ ಸೀಟ್ ಬೆಲ್ಟ್ ಯಾವಾಗ ಬಂತು? ಬಾಗಿಲಿಗೆ ಹಗ್ಗ ಕಟ್ಟಿದೀರಲ್ಲ ಇನ್ನೂ!"

ಚಾಲಕರೆಲ್ಲ ನಕ್ಕರು. ಅಂದಿನಿಂದ ಸೆವೆರೊ ಬಂದರೆ ಯಾರಾದರೂ ಒಬ್ಬ ಮರಿಯ ಹಾಗೆ ಚಿಂವ್ ಎನ್ನುತ್ತಿದ್ದ, ಇನ್ನೊಬ್ಬ ಜೋಳದ ಕಾಳು ಎರಚುತ್ತಿದ್ದ. ಸೆವೆರೊನೂ ನಗುತ್ತಿದ್ದ. ಗ್ರೋವರ್ ಮಾತ್ರ ಅಷ್ಟಾಗಿ ನಗುತ್ತಿರಲಿಲ್ಲ. ಅವನು ನನ್ನ ಅಂಗಡಿಗೆ ಬಂದು, ಕೀಂ ಎನ್ನುವುದು ಯಾವುದು ತೋರಿಸು ಎಂದ. ತೋರಿಸಿದೆ. ಗಾಜಿನ ಮೇಲಿಟ್ಟಿದ್ದರೆ ಯಾರು ಕೇಳಿದರೂ ತೋರಿಸಬೇಕಲ್ಲ. ಅವನು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ, ವಾಪಸಿಟ್ಟು, ಏನೂ ಕೊಳ್ಳದೆ ಹೋದ.

ಜನವರಿಯಲ್ಲಿ ನೀರು ಬಂತು. ಮೊದಲ ಸಾಲು ಹೊರಡುವ ದಿನ ಎಂದಿನಂತೆ ದಡದಲ್ಲಿ ಪಾಚಮಾಮಾಗೆ, ಅಂದರೆ ನಮ್ಮ ಭೂತಾಯಿಗೆ, ಮದ್ಯ ಚಿಮುಕಿಸಿ, ಚಕ್ರಗಳಿಗೂ ಚಿಮುಕಿಸಿ, ಉಳಿದದ್ದನ್ನು ಕುಡಿದರು. ಸೆವೆರೊ ಟೋಪಿ ಸರಿಮಾಡಿಕೊಂಡು ಮುಂದೆ ಹತ್ತಿದ. ಹಿಂದಿನ ಸೀಟುಗಳಲ್ಲಿ ನಾಲ್ವರು ಬ್ರೆಜಿಲಿನವರು. ತಮ್ಮನ್ನು ಕರೆದೊಯ್ಯುವವನು ಊರಿಗೇ ದೊಡ್ಡ ಚಾಲಕನೆಂದು ಯಾರೋ ಅವರಿಗೆ ಹೇಳಿದ್ದರು. ಅದು ಸುಳ್ಳೇನೂ ಅಲ್ಲ.

ಈಗ ಒಂದು ಸಂಗತಿ. ಕೊಲ್ಚಾನಿಯ ದಡದಿಂದ ಸ್ವಲ್ಪ ಒಳಗೆ ಉಪ್ಪಿನ ತೊಗಟೆ ತೂತಾಗಿ, ಅಡಿಯ ನೀರು ಕುದಿದ ಹಾಗೆ ಮೇಲೇಳುವ ಬುಗ್ಗೆಗಳಿವೆ. ಒಣಗಾಲದಲ್ಲಿ ಎಲ್ಲ ಚಾಲಕರೂ ಅಲ್ಲಿ ನಿಲ್ಲಿಸುತ್ತಾರೆ. ಪ್ರವಾಸಿಗರು ಇಳಿದು ಬೆರಳದ್ದಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಕೈಗೆ ಎಷ್ಟು ರೂಢಿಯೆಂದರೆ ಸ್ಟೀರಿಂಗು ತಾನಾಗಿ ಅತ್ತ ತಿರುಗುತ್ತದೆ. ಮಳೆಗಾಲದಲ್ಲಿ ಅದೇ ಬುಗ್ಗೆಗಳು ನೀರಿನಡಿ ಮುಚ್ಚಿಹೋಗುತ್ತವೆ, ಸುತ್ತಲ ತೊಗಟೆ ಮೆತ್ತಗಾಗುತ್ತದೆ, ಆಗ ಎಲ್ಲರೂ ದೂರದಿಂದ ಬಳಸಿ ಹೋಗುತ್ತಾರೆ. ಸೆವೆರೊ ದಾರಿ ತುಂಬಿಕೊಂಡದ್ದು ಆಗಸ್ಟಿನಲ್ಲಿ, ಪ್ರವಾಸಿಗರ ಜೊತೆ. ಯಂತ್ರ ಪಾಪ, ಯಜಮಾನ ಹೋದಲ್ಲೆಲ್ಲ ನೆನಪಿಟ್ಟುಕೊಂಡಿತ್ತು.

ಸಾಲು ನಡೆದಾಡುವ ವೇಗದಲ್ಲಿ ಹೊರಟಿತು. ಮುಂದೆ ಬರೀ ಬಿಳುಪು. ಹಳೆಯ ನೆನಪಿನಿಂದ ಸೆವೆರೊ ಬಳಸುದಾರಿಗೆ ಸ್ಟೀರಿಂಗ್ ತಿರುಗಿಸಿದನಂತೆ; ಅದನ್ನು ಅವನೇ ಆಮೇಲೆ ಸಭೆಯಲ್ಲಿ ಹೇಳಿದ. ಯಂತ್ರ ಕೀಂ ಎಂದಿತು. ಇನ್ನಷ್ಟು ತಿರುಗಿಸಿದ. ಕೀಂ ಕೀಂ ಕೀಂ. ಬೆಟ್ಟ ಕಾಣದವನು ತನ್ನ ನೆನಪನ್ನು ನಂಬಬೇಕೋ ಯಂತ್ರವನ್ನೋ? ತನಗೇ ದಿಕ್ಕು ತಪ್ಪಿತೆಂದುಕೊಂಡು ಅವನು ಸದ್ದು ನಿಲ್ಲುವವರೆಗೆ ಸ್ಟೀರಿಂಗ್ ವಾಪಸ್ ತಿರುಗಿಸಿದ. ಯಂತ್ರ ಸುಮ್ಮನಾಯಿತು. ಅವನಿಗೆ ನೆಮ್ಮದಿಯಾಯಿತು.

ಹಿಂದಿನ ಜೀಪಿನಲ್ಲಿದ್ದ ಗ್ರೋವರ್‌ಗೆ ಬೆಟ್ಟ ಚೆನ್ನಾಗಿಯೇ ಕಾಣುತ್ತಿತ್ತು. ಮುಂಗಾಡಿ ಬುಗ್ಗೆಗಳ ಕಡೆ ಹೊರಳಿದ್ದು ಕಂಡಿತು. ಹಾರ್ನ್ ಹೊಡೆಯುವಂತಿಲ್ಲ, ಗೆರೆ ಬಿಡುವಂತಿಲ್ಲ. ಬ್ರೇಕ್ ಒತ್ತಬಾರದೆಂದು ಮಾತ್ರ ಯಾರೂ ಹೇಳಿಲ್ಲ. ಅವನು ಮೆಲ್ಲಗೆ ಬ್ರೇಕ್ ಒತ್ತಿ ನಡುವೆ ಒಳ್ಳೆ ಅಂತರ ಬಿಟ್ಟುಕೊಂಡು, ಬಾಯಲ್ಲಿದ್ದ ಕೋಕಾ ಉಂಡೆಯನ್ನು ಆ ದವಡೆಯಿಂದ ಈ ದವಡೆಗೆ ದಾಟಿಸಿಕೊಂಡು ನೋಡುತ್ತ ಕುಳಿತ. ಇದನ್ನು ಅವನೇ ನನ್ನ ಅಂಗಡಿಯಲ್ಲಿ ನಿಂತು, ಯಾವ ಮುಜುಗರವೂ ಇಲ್ಲದೆ ಹೇಳಿದ.

ಮುಂದಿನ ಎರಡು ಚಕ್ರಗಳೂ ಒಟ್ಟಿಗೆ ಇಳಿದವು. ಜೀಪು ಹಸು ನೀರು ಕುಡಿಯುವ ಹಾಗೆ ಮೂತಿ ಅದ್ದಿತು. ಬ್ರೆಜಿಲಿನವರು ಇದೂ ಪ್ರವಾಸದ ಒಂದು ಆಟವೆಂದುಕೊಂಡು ಚಪ್ಪಾಳೆ ತಟ್ಟಿದರು. ಸೊಂಟದವರೆಗೆ ನೀರು ಬಂದ ಮೇಲೆ ನಿಲ್ಲಿಸಿದರು. ಅವರನ್ನು ಕಿಟಕಿಯಿಂದ ಎಳೆದು ತೆಗೆದರು. ಸೆವೆರೊ ಕೊನೆಗೆ ಬಂದ, ಟೋಪಿ ತೇಲುತ್ತ ಅವನಿಗಿಂತ ಮುಂಚೆ ಬಂತು. ಹಗ್ಗ ಕಟ್ಟಲು ಇಳಿದ ಗ್ರೋವರ್ ಅವನ ಕೋಟಿನ ಜೇಬಿಗೆ ಕೈಹಾಕಿ ಯಂತ್ರ ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ನೋಡ್ರಪ್ಪಾ, ಕೋಳಿಮರಿ ಬದುಕಿದೆ! ಚೂರೂ ಕೂಗ್ತಿಲ್ಲ. ದಾರಿ ಸರಿಯಾಗೇ ಇದೆಯಂತೆ!"

ಎಂಜಿನ್ ತೊಳೆದು ಹೇಗೋ ಉಳಿಸಿದರು. ಸೆವೆರೊನನ್ನು ಇಲಾರಿಯಾ ಕೈಹಿಡಿದು ಬಸ್ಸಿಗೆ ಹತ್ತಿಸಿ ಪೊತೊಸಿಗೆ ಕರೆದೊಯ್ದಳು. ಡಾಕ್ಟರು ಪೊರೆ ಸುಲಿದ. ಕೆಲವು ವಾರದ ಮೇಲೆ ಅವನು ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದಾಗ ನಡಿಗೆಯೇ ಬೇರೆಯಾಗಿತ್ತು. ನನ್ನ ಅಂಗಡಿಯ ಮುಂದೆ ನಿಂತು, ಒಳಗಿನ ಗೋಡೆಯ ಕ್ಯಾಲೆಂಡರಿನ ಸಣ್ಣಕ್ಷರ ಓದಿ ತೋರಿಸಿದ. "ಈಗ ಯಾರು ಏನ್ ಹೇಳ್ತಾರೆ ನೋಡೋಣ ಕಾಸೆರಾ. ಮುಂಗಾಡಿ ನಂದು."

ಸಂಘದವರು ಕೊಲ್ಚಾನಿಯ ದಡದಲ್ಲೇ ಸೇರಿದರು. ನಾನು ಸಾಮಾನು ಇಳಿಸಲು ಹೋಗಿದ್ದವಳು ಹೊರಡದೆ ನಿಂತೆ. ಸೆವೆರೊ ಕನ್ನಡಕ ತೆಗೆದ. ಬೆಟ್ಟ ಬೆಟ್ಟಕ್ಕೆ ಬೆರಳು ಚಾಚಿ ಹೆಸರು ಹೇಳಿದ. ತುನುಪಾದ ನೆತ್ತಿಯ ಕೆಂಪು ಬಿರುಕು ಕೂಡ ಬಿಡಲಿಲ್ಲ. ಒಂದೂ ತಪ್ಪಲಿಲ್ಲ. ಒಬ್ಬಿಬ್ಬರು ಹಳಬರು ತಲೆದೂಗತೊಡಗಿದರು.

"ಭೇಷ್ ಮಾಯೆಸ್ತ್ರೊ," ಎಂದ ಗ್ರೋವರ್, ತುಂಬ ಮರ್ಯಾದೆಯಿಂದ. "ಆ ಬಿರುಕು ಯಾವಾಗಿಂದ ಕಾಣ್ತಿರಲಿಲ್ಲ?"

ಸೆವೆರೊನ ಬೆರಳು ಅಲ್ಲೇ ನಿಂತಿತು.

"ಈಗ ಇಷ್ಟು ಚೆನ್ನಾಗಿ ಕಾಣ್ತಿದೆ ಅಂದ್ಮೇಲೆ ಮೊದಲು ಕಾಣ್ತಿರಲಿಲ್ಲ ಅಂತಾಯ್ತಲ್ಲ. ಸುಮ್ನೆ ಕೇಳ್ದೆ. ಈ ಮಳೆಗಾಲ ಒಂದೇನಾ, ಹಿಂದಿನದೂನಾ?"

"ಹಿಂದಿನ ಸಲ... ಸ್ವಲ್ಪ ಮಬ್ಬಿತ್ತು ಅಷ್ಟೆ."

"ಯಂತ್ರ ತಗೊಂಡಿದ್ದು ಹೋದ ಆಗಸ್ಟಲ್ಲಿ ಅಂತ ನೀವೇ ಹೇಳಿದ್ರಿ. ಅದಕ್ಕೂ ಹಿಂದಿನ ಮಳೆಗಾಲ ಏನಿಟ್ಕೊಂಡು ಓಡಿಸಿದ್ರಿ ಮಾಯೆಸ್ತ್ರೊ?"

ತಲೆದೂಗುತ್ತಿದ್ದ ಹಳಬರು ನಿಲ್ಲಿಸಿದರು. ಒಬ್ಬ ತನ್ನ ಮಗಳನ್ನು, ಇನ್ನೊಬ್ಬ ಬಸುರಿ ಹೆಂಡತಿಯನ್ನು ಆ ವರ್ಷ ಆ ಗೆರೆಯ ಹಿಂದೆ ಕರೆದೊಯ್ದಿದ್ದ. ಎಲ್ಲರೂ ಒಬ್ಬ ಕುರುಡನ ಹಿಂದೆ, ಹಾರ್ನ್ ಹೊಡೆಯದೆ, ಅಷ್ಟು ವಿಧೇಯರಾಗಿ ಹೋಗಿದ್ದರು. ಅವನು ಗಾಡಿ ಮುಳುಗಿಸಿದ್ದನ್ನು ಅವರು ಆಗಲೇ ಕ್ಷಮಿಸಿದ್ದರು, ಅದರಲ್ಲಿ ನಗುವಿತ್ತು. ಇದರಲ್ಲಿ ನಗುವಿರಲಿಲ್ಲ. ಸೆವೆರೊ ಕೆಮ್ಮಿದ. ಮಾತು ಯಾರೂ ನಿಲ್ಲಿಸಲಿಲ್ಲ.

ಮುಂಗಾಡಿ ಗ್ರೋವರ್‌ಗೆ ಹೋಯಿತು. ಸೆವೆರೊನನ್ನು ಸಂಘದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಅವನು ಮನೆಯಲ್ಲಿ ಕೂತು ಬೈದುಕೊಂಡಿರಬಹುದಿತ್ತು. ಸಾಲಿನ ಕಟ್ಟಕಡೆಯ ಜಾಗ ಕೊಟ್ಟರು.

ಕಟ್ಟಕಡೆಯ ಜೀಪಿಗೆ ಮುಂದಿನ ಎಲ್ಲ ಜೀಪುಗಳು ಚಿಮ್ಮಿಸಿದ ಉಪ್ಪುನೀರು ಬಂದು ಬಡಿಯುತ್ತದೆ. ಬಡಿದದ್ದು ಗಾಳಿಗೆ ಒಣಗಿ ಗಾಜಿನ ಮೇಲೆ ಸುಣ್ಣ ಬಳಿದ ಹಾಗೆ ಕೂರುತ್ತದೆ. ವೈಪರ್ ಹಾಕಿದರೆ ಇನ್ನಷ್ಟು ಹರಡುತ್ತದೆ. ಮಾರ್ಚಿನಲ್ಲಿ ಸೆವೆರೊ ಅದರ ಹಿಂದೆ ಕೂತು, ಪೊತೊಸಿಯ ಡಾಕ್ಟರು ಬೆಳಗಿಕೊಟ್ಟ ಎರಡು ಕಣ್ಣುಗಳನ್ನು ಪೂರಾ ತೆರೆದುಕೊಂಡು, ಸ್ಟೀರಿಂಗಿಗೆ ಮೂಗು ತಾಗುವಷ್ಟು ಬಾಗಿ ಗಾಡಿ ಓಡಿಸುತ್ತಿದ್ದ. ಹಿಂದಿನ ಸೀಟಿನ ಪ್ರವಾಸಿ ಹೆಂಗಸೊಬ್ಬಳು ಅವನ ಹೆಗಲು ತಟ್ಟಿ, ಆ ಹೆಸರುವಾಸಿ ಬೆಟ್ಟ ಎಲ್ಲಿ ಎಂದು ಕೇಳಿದಳು.

"ಮುಂದೆ ಇದೆಯಂತೆ, ಅಮ್ಮಾ," ಎಂದ ಸೆವೆರೊ.