ಹಾರ್ನ್ ಕೇಳಿ ಮುಖ ತೊಳೆದವಳು

ನಾನು ಬಂಟ್ವಾಳದಲ್ಲಿ ಲಾರಿಯ ಕ್ಲೀನರ್ ಆಗಿದ್ದೆ. ಹೆಂಡತಿ ಹೆರಿಗೆಗೆಂದು ಮುಂಡಾಜೆಯ ತಾಯಿಮನೆಗೆ ಹೋಗಿದ್ದಳು. ಹೆಣ್ಣು ಮಗು ಹುಟ್ಟಿದ ಆರನೆಯ ದಿನ ಬಾಣಂತಿಗೆಂದು ತಾಳೆಯ ಓಲೆಬೆಲ್ಲ ಹಿಡಿದುಕೊಂಡು ಬಸ್ಸಿನಲ್ಲಿ ಹೋದೆ. ನಮ್ಮಲ್ಲಿ ಮನೆತನ ನಡೆಯುವುದು ಹೆಣ್ಣಿನಿಂದ, ಹಾಗಾಗಿ ಮನೆಯವರೆಲ್ಲ ಖುಷಿಯಲ್ಲಿದ್ದರು. ಇವಳು ಮಾತ್ರ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

“ಎಂತ ಆಯ್ತು?” ಎಂದೆ.

“ಗೊತ್ತಿಲ್ಲ. ಸುಮ್ಮನೆ ಅಳು ಬರ್ತದೆ.”

“ಗಂಡು ಹೆತ್ತವರೂ ಹೀಗೆ ಅಳುವುದಿಲ್ಲ ಮಾರಾಯ್ತಿ! ನಾಟಕ ಸಾಕು.”

ಅವಳ ಅಜ್ಜಿ ಬಾಗಿಲಲ್ಲೇ ಇದ್ದರು. “ನೀನೊಮ್ಮೆ ಹೆತ್ತು ನೋಡು, ಮತ್ತೆ ಮಾತಾಡು,” ಎಂದರು. ನಾನು ನಕ್ಕುಬಿಟ್ಟೆ.

ಮುಂದಿನ ವಾರ ಹೋದಾಗ ಅವಳು ನಗುತ್ತಾ ಮಗುವನ್ನು ತೋರಿಸಿದಳು. ಹೊರಗೆ ಬಂದು ಅಜ್ಜಿಗೆ, “ನೋಡಿ, ಬೈದದ್ದಕ್ಕೆ ಸರಿಯಾಯ್ತು,” ಎಂದೆ.

“ಎಂತ ಸರಿಯಾದದ್ದು? ಬೆಳಿಗ್ಗೆಯಿಂದ ಅಳ್ತಾ ಇದ್ದಳು. ಬಸ್ಸಿನ ಹಾರ್ನ್ ಕೇಳಿದ ಮೇಲೆ ಮುಖ ತೊಳೆದದ್ದು. ನೀನು ಬೈತಿ ಅಂತ.”

ಒಳಗೆ ಹೋಗಿ ನೋಡಿದೆ. ಕಣ್ಣು ಇನ್ನೂ ಕೆಂಪಾಗಿತ್ತು. ಅದು ಮೊದಲು ನನಗೆ ಕಂಡಿರಲಿಲ್ಲ.

“ಅಳು ಬಂದರೆ ಅಳು ಮಾರಾಯ್ತಿ,” ಎಂದೆ.

“ಈಗ ಎಂತ ಇಲ್ಲ. ನೀವು ಊಟ ಮಾಡಿ,” ಎಂದಳು.

ಆಮೇಲೆ ನನ್ನೆದುರು ಅವಳು ಅತ್ತದ್ದೇ ಇಲ್ಲ. ಆ ಹೆದರಿಕೆ ಹುಟ್ಟಿಸಿದ್ದು ನಾನು.